ಅರ್ಧ ಮಾತ್ರೆ

ಅತ್ತೆಯ ನಿದ್ದೆ ಮಾತ್ರೆ ಈ ಸಲವೂ ತಿಂಗಳು ತುಂಬುವ ಮೊದಲೇ ಖಾಲಿಯಾಗಿತ್ತು. ಔಷಧಿ ಅಂಗಡಿಯವನು ಡಾಕ್ಟರ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಕನ್ನಡಕದ ಮೇಲಿನಿಂದ ಎದುರಿಗೆ ನಿಂತ ಸೊಸೆಯನ್ನೂ ಒಮ್ಮೆ ನೋಡಿದ.

"ಏನಕ್ಕಾ, ಅಮ್ಮನಿಗೆ ಡಾಕ್ಟ್ರು ಮಾತ್ರೆ ಜಾಸ್ತಿ ಮಾಡಿದ್ರಾ?"

"ಇಲ್ವಲ್ಲ."

"ಮತ್ತೆ ಇಷ್ಟು ಬೇಗ ಹೇಗೆ ಮುಗೀತು? ಇದನ್ನ ಕೇಳಿದಾಗೆಲ್ಲ ಕೊಡೋ ಹಾಗಿಲ್ಲ ನೋಡಿ. ತಾರೀಕು ಬಂದ ಮೇಲೆ ಬನ್ನಿ."

ಅವಳು ಬರಿಗೈಲಿ ಮನೆಗೆ ಬಂದಳು. ದಿನವಿಡೀ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿ ಹಾಕಿ ಕಾಲು ಕೊರಡಾಗಿತ್ತು. ಅತ್ತೆ ಕಿಟಕಿಯ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದರು.

"ಅತ್ತೆ, ದಿನಕ್ಕೆ ಎರಡೆರಡು ನುಂಗ್ತಿದ್ದೀರಾ?"

"ಏನನ್ನ?"

"ನಿದ್ದೆ ಮಾತ್ರೆ."

ಅತ್ತೆಯ ಕೈ ಒಂದು ಗಳಿಗೆ ನಿಂತು ಮತ್ತೆ ಓಡಿತು. "ಓಹೋ, ಇನ್ನು ಮೇಲೆ ನಾನು ನುಂಗೋದು ಉಗುಳೋದು ಎಲ್ಲದಕ್ಕೂ ನಿನಗೆ ಲೆಕ್ಕ ಒಪ್ಪಿಸ್ಬೇಕಾ? ವಯಸ್ಸಾದೋರ ಕೈ ನಡುಗುತ್ತೆ, ಬಿದ್ದು ಹೋಗುತ್ತೆ. ಬಿದ್ದಿದ್ದನ್ನ ತಿನ್ನಕ್ಕಾಗುತ್ತಾ?"

ಆ ಕೈಯಲ್ಲಿ ಒಂದು ಬಟಾಣಿ ಕಾಳೂ ಕೆಳಗೆ ಬೀಳುತ್ತಿರಲಿಲ್ಲ. ಆದರೂ ಸೊಸೆ ಮಾತು ಬೆಳೆಸಲಿಲ್ಲ. ಒಲೆಯ ಮೇಲೆ ಅನ್ನಕ್ಕಿಡಬೇಕಿತ್ತು, ನೀರು ನಿಲ್ಲುವ ಮೊದಲು ಬಕೆಟ್ಟುಗಳನ್ನು ತುಂಬಿಸಬೇಕಿತ್ತು.

ಅವಳ ಗಂಡ ಶಾಲೆಯ ಬಸ್ಸಿನ ಡ್ರೈವರು. ಮಕ್ಕಳು ಇಳಿಯುವಾಗಲೆಲ್ಲ ಹಿಂದಿರುಗಿ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದುದರಿಂದ ಇಡೀ ಶಾಲೆಗೆ ಅವನು ಮೆಲ್ಲಗೆ ಮಾಮ. ಮಕ್ಕಳನ್ನು ಬಿಟ್ಟು ಬಂದ ಮೇಲೆ ಯಾವ ಹುಡುಗಿಗೆ ಯಾವ ಹಲ್ಲು ಬಿತ್ತು, ಯಾರು ಯಾರ ಊಟದ ಡಬ್ಬಿ ಕದ್ದು ತಿಂದರು ಎಂದು ಊಟದ ಹೊತ್ತಿಗೆ ವರದಿ ಒಪ್ಪಿಸುವುದು ಅವನ ಅಭ್ಯಾಸ. ಈಚೆಗೆ ಆ ವರದಿ ನಿಂತಿತ್ತು. ಬಂದವನೇ ಬಚ್ಚಲಿಗೆ ಹೋಗಿ ಚರ್ಮ ಸುಲಿಯುವ ಹಾಗೆ ಕೈ ತೊಳೆಯುತ್ತಿದ್ದ. ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದ. ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತಿದ್ದ.

ಅವರ ಮಗಳು ಕಾಲೇಜಿಗೆ ಹೋಗುವವಳು. ಅವಳ ಮೊಬೈಲಿನಲ್ಲಿ ಇದಕ್ಕೆಲ್ಲ ಮದ್ದಿತ್ತು.

"ಅಪ್ಪಾ, ಮೂಗಲ್ಲಿ ನಿಧಾನಕ್ಕೆ ಉಸಿರು ತಗೋಬೇಕು, ತಡೆದು ಹಿಡೀಬೇಕು, ಬಾಯಲ್ಲಿ ಬಿಡಬೇಕು. ನಿನಗೋಸ್ಕರ ನೀನು ಟೈಮ್ ಕೊಟ್ಕೋಬೇಕು."

"ಹುಟ್ಟಿದಾಗಿಂದ ಉಸಿರಾಡ್ತಾನೇ ಇದ್ದೀನಲ್ಲಮ್ಮ. ಅದಕ್ಕೂ ಪಾಠ ಶುರುವಾಯ್ತಾ?" ಎಂದು ಅವನು ನಕ್ಕ. ನಗು ತುಟಿಯಿಂದ ಮೇಲೆ ಹತ್ತಲಿಲ್ಲ.

ಆ ವಾರ ತರಕಾರಿ ಕೊಳ್ಳುವಾಗ ಬಸ್ಸಿನ ಆಯಾ ಸಿಕ್ಕಳು. ಮಕ್ಕಳನ್ನು ಹತ್ತಿಸಿ ಇಳಿಸುವುದು ಅವಳ ಕೆಲಸ. ಟೊಮೇಟೊ ಆರಿಸುತ್ತಲೇ ಅತ್ತಿತ್ತ ನೋಡಿ ದನಿ ಇಳಿಸಿದಳು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಮೆಲ್ಲಗೆ ಮಾಮ ಈಗ ಮೇಲ್ಸೇತುವೆ ಹತ್ತೋದೇ ಇಲ್ಲ. ಕೆಳಗಡೆ ಗಲ್ಲಿಗಲ್ಲೀಲಿ ಸುತ್ತಾಕ್ಕೊಂಡು ಬರ್ತಾರೆ. ಲೇಟಾಗುತ್ತೆ, ತಾಯಂದಿರು ನನ್ನ ಮೇಲೆ ಹರಿಹಾಯ್ತಾರೆ."

"ಯಾಕಂತೆ?"

"ಕೇಳಿದ್ರೆ ಮೇಲೆ ಟ್ರಾಫಿಕ್ಕು ಅಂತಾರೆ. ಅದಾದ್ರೂ ಹೋಗ್ಲಿ ಅಂದ್ರೆ..." ಆಯಾ ಟೊಮೇಟೊವನ್ನು ವಾಪಸ್ಸು ಗುಡ್ಡೆಗೆ ಹಾಕಿದಳು. "ಮೊನ್ನೆ ಸಿಗ್ನಲ್ ಹತ್ರ ಹಸಿರು ದೀಪ ಬಂದ್ರೂ ಬಸ್ಸು ಅಲ್ಲಾಡ್ಲಿಲ್ಲ. ಹೋಗಿ ನೋಡಿದ್ರೆ ತಲೆ ಸ್ಟೇರಿಂಗ್ ಮೇಲಿತ್ತು. ನಿದ್ದೆ ಅಕ್ಕಾ. ಹಾಡುಹಗಲಲ್ಲಿ. ನಾನೇ ಭುಜ ಅಲ್ಲಾಡ್ಸಿ ಎಬ್ಬಿಸ್ದೆ."

ಚೀಲದ ಹಿಡಿ ಇವಳ ಬೆರಳಿಗೆ ಬಿಗಿದು ರಕ್ತ ಕಟ್ಟಿದ್ದೂ ಗೊತ್ತಾಗಲಿಲ್ಲ. ಯಾವ ಮಾತ್ರೆ ಯಾರ ಹೊಟ್ಟೆ ಸೇರುತ್ತಿದೆ ಎಂದು ಈಗ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮಾರನೆಯ ದಿನ ಲಾಂಡ್ರಿಯಲ್ಲಿ ನಗುವ ಕಾರ್ಯಕ್ರಮವಿತ್ತು. ಕೆಲಸಗಾರರ ಮನಸ್ಸಿನ ಆರೋಗ್ಯಕ್ಕೆಂದು ಹೊಸ ಮೇಡಂ ತಂದ ಏರ್ಪಾಟು. ಎಲ್ಲರೂ ಸಾಲಾಗಿ ನಿಂತು ಕೈ ಮೇಲೆತ್ತಿ ಹಹಹಾ ಎಂದು ನಗಬೇಕು. ಗೋಡೆಯ ಮೇಲೆ ಹೊಸದಾಗಿ 'ಮೊದಲು ನಿಮ್ಮನ್ನು ನೀವು ಪ್ರೀತಿಸಿ' ಎಂಬ ಬಣ್ಣದ ಹಾಳೆ ಬಂದಿತ್ತು. ಅದರ ಕೆಳಗೇ ಉಗಿ ಇಸ್ತ್ರಿಯ ಯಂತ್ರ ಬುಸುಗುಡುತ್ತಿತ್ತು. ನಗುವ ಸಮಯವನ್ನು ಚಹಾದ ಬಿಡುವಿನಲ್ಲಿ ಮುರಿದುಕೊಂಡಿದ್ದರು.

"ನಗು ಬೇಡ, ಚಹಾ ಕೊಡಿ ಅಂದ್ರೆ ಏನಂತಾರೆ?" ಎಂದು ಪಕ್ಕದ ಮೇಜಿನಲ್ಲಿ ಬಟ್ಟೆ ಮಡಿಸುವವಳು ಪಿಸುಗುಟ್ಟಿದಳು.

"ಹಹಹಾ" ಎಂದಳು ಇವಳು. ಹಳದಿ ಬಸ್ಸೊಂದು ಸಿಗ್ನಲ್ಲಿನಲ್ಲಿ ನಿಂತಿರುವುದು, ಮಕ್ಕಳು ಕಿಟಕಿಯಲ್ಲಿ ಮೂಗೊತ್ತಿಕೊಂಡಿರುವುದು ಕಣ್ಣಿಗೆ ಕಟ್ಟಿ ನಿಂತಿತ್ತು. ಅಂದು ಎರಡು ಹಾಸಿಗೆ ಬಟ್ಟೆ ಸೀದುಹೋದವು. ಮೇಡಂ ಬೈದರು. ಬೈಗುಳ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಸಂಜೆ ಊಟಕ್ಕೆ ನಾಲ್ವರೂ ಕೂತರು. ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಅವಳು ಬಡಿಸುವುದನ್ನು ಮುಗಿಸಿ ಸೌಟನ್ನು ಪಾತ್ರೆಯಲ್ಲಿಟ್ಟಳು.

"ರೀ, ನೀವು ಅತ್ತೆ ಮಾತ್ರೆ ತಗೋತಿದ್ದೀರಾ?"

ಮಗಳು ಮೊಬೈಲನ್ನು ಮಗುಚಿಟ್ಟಳು.

"ನಾನೇ ಕೊಟ್ಟೆ" ಎಂದರು ಅತ್ತೆ. "ಹೆತ್ತ ಮಗ ಕಣ್ಣು ಮುಚ್ಚದೆ ಹೊರಳಾಡ್ತಿದ್ರೆ ಸುಮ್ನೆ ನೋಡ್ಕೊಂಡಿರ್ಲಾ? ನೀನು ದಿಂಬಿಗೆ ತಲೆ ಕೊಟ್ರೆ ಗೊರಕೆ. ನಿನಗೇನು ಗೊತ್ತು?"

"ಮಲಗೋವಾಗ ಮಾತ್ರ ಕೊಟ್ರಾ?"

ಅತ್ತೆ ಮಗನ ಮುಖ ನೋಡಿದರು. ಮಗ ತಟ್ಟೆ ನೋಡಿದ.

"ಬೆಳಿಗ್ಗೆ ಅರ್ಧ" ಎಂದ ಅವನು. "ಬಸ್ಸು ತೆಗೆಯೋ ಮುಂಚೆ. ಅದಿಲ್ದಿದ್ರೆ ಕೈ ನಡುಗುತ್ತೆ. ಆವತ್ತು ಮೇಲ್ಸೇತುವೆ ಮೇಲೆ ಪಕ್ಕದ ಲಾರಿ ಟೈರು ಸಿಡೀತಲ್ಲ, ಹೇಳಿದ್ನಲ್ಲ ನಿಂಗೆ. ನಮಗೇನೂ ಆಗ್ಲಿಲ್ಲ. ಆದ್ರೆ ಅವತ್ತಿಂದ ಅಲ್ಲಿ ಹತ್ತಿದ ಕೂಡ್ಲೇ ಎದೆ ಹಿಡ್ಕೊಳ್ಳುತ್ತೆ. ಕಣ್ಣು ಕತ್ತಲೆ. ಈಗೀಗ ಕೆಳಗಿನ ರಸ್ತೇಲೂ ಬರುತ್ತೆ."

"ನಿದ್ದೆ ಮಾತ್ರೆ ನುಂಗಿ ಮಕ್ಕಳನ್ನ ಕೂರಿಸ್ಕೊಂಡು ಹೋಗ್ತಿದ್ದೀರಾ?"

"ಅರ್ಧ ಕಣೆ! ಅರ್ಧಕ್ಕೆ ಏನಾಗುತ್ತೆ?"

"ಸಿಗ್ನಲ್ಲಲ್ಲಿ ನಿದ್ದೆ ಬರುತ್ತೆ. ಆಯಾ ಬಂದು ಎಬ್ಬಿಸ್ಬೇಕಾಗುತ್ತೆ."

ಅವನ ಮುಖ ಸುಣ್ಣದಂತಾಯಿತು. "ಅಪ್ಪಾ..." ಎಂದಳು ಮಗಳು. "ಮೊದ್ಲು ಒಂದು ದೀರ್ಘವಾದ ಉಸಿರು..."

"ಮುಚ್ಚೇ ಬಾಯಿ!" ತಟ್ಟೆ ದೂರ ಸರಿಯಿತು, ಬೇಳೆ ನೆಲಕ್ಕೆ ಚೆಲ್ಲಿತು. ಮಗಳ ಮೇಲೆ ಅವನು ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲು. ಮಗಳ ಕಣ್ಣು ತುಂಬಿತು. ಅವಳು ಎದ್ದು ಹೋಗದೆ ಬಟ್ಟೆ ತಂದು ನೆಲ ಒರೆಸತೊಡಗಿದಳು.

"ನಾಳೆ ಬಸ್ಸು ತೆಗೀಬೇಡಿ" ಎಂದಳು ಹೆಂಡತಿ.

"ತೆಗೀದೆ? ಮನೆ ನಡೆಸೋದು ಹೇಗೆ? ಹುಚ್ಚು ಹಿಡಿದಿದೆ ಅಂತ ಬರೆದು ಕಳಿಸ್ಲಾ ಶಾಲೆಗೆ?"

"ಹಾಗಂತ ಯಾರಂದ್ರು? ನೀವು ಹೇಳ್ತೀರಾ, ಇಲ್ಲ ನಾನು ಹೋಗಿ ಹೇಳ್ಲಾ?"

"ನೋಡಿದ್ಯಾ ಮಗಾ," ಎಂದು ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡರು, "ಕಟ್ಕೊಂಡೋಳೇ ಮನೆ ಮಾನ ಬೀದಿಗೆ ಹಾಕ್ತೀನಿ ಅಂತಾಳೆ."

ಬೆಳಿಗ್ಗೆ ಅವನು ಎಂದಿನಂತೆ ಸಮವಸ್ತ್ರ ಹಾಕಿಕೊಂಡ. ಅವಳೂ ಲಾಂಡ್ರಿಯ ನೀಲಿ ಅಂಗಿ ತೊಟ್ಟು ಅವನ ಜೊತೆ ಹೊರಟಳು. ಅವನ ಕೈ ಜೇಬಿನಲ್ಲಿ ನಡುಗುತ್ತಿರುವುದು ಬಟ್ಟೆಯ ಮೇಲಿಂದಲೇ ಕಾಣುತ್ತಿತ್ತು. ಇವತ್ತು ಆ ಅರ್ಧವೂ ಹೊಟ್ಟೆಗೆ ಹೋಗಿರಲಿಲ್ಲ. ಅವಳಿಗೋ ಅತ್ತ ದರಿ, ಇತ್ತ ಪುಲಿ. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಏನು ಹೋಗಬಹುದೆಂದು ಯೋಚಿಸುವ ಧೈರ್ಯ ಅವಳಿಗಿರಲಿಲ್ಲ.

ಶಾಲೆಯ ಬಸ್ಸುಗಳ ಶೆಡ್ಡಿನಲ್ಲಿ ಸೂಪರ್‌ವೈಸರ್ ಗೋಡೆಗೆ ನೇತುಹಾಕಿದ ಬೀಗದಕೈಗಳನ್ನು ಒಂದೊಂದಾಗಿ ಡ್ರೈವರುಗಳಿಗೆ ಕೊಡುತ್ತಿದ್ದರು. ಅವಳು ಬಾಗಿಲ ಆಚೆ ನಿಂತಳು.

"ಸಾರ್, ಹೊಟ್ಟೆ ನೋವು" ಎಂದ ಗಂಡ.

"ಅಯ್ಯೋ, ಇವತ್ತೇ ಬರ್ಬೇಕಾ? ಬದಲಿ ಡ್ರೈವರಿಲ್ಲ. ಓಮದ ನೀರು ಕುಡಿದು ಹೊರಡಿ, ಮಧ್ಯಾಹ್ನ ಬೇಕಾದ್ರೆ ರಜೆ ತಗೊಳ್ಳಿ." ಬೀಗದಕೈ ಅವನ ಅಂಗೈಗೆ ಬಿತ್ತು.

ಅವನು ಅದನ್ನು ಹಿಡಿದು ಬಸ್ಸಿನ ಕಡೆ ಹೆಜ್ಜೆ ಹಾಕಿದ. ಅವಳು ಬಾಗಿಲು ದಾಟಿ ಒಳಗೆ ಕಾಲಿಟ್ಟಳು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಹಾಗೇ ನಿಂತ. ಕಂಬಿ ಹಿಡಿದ ಕೈ ಬಿಡಲಿಲ್ಲ, ಇನ್ನೊಂದು ಕಾಲು ಮೇಲೇಳಲಿಲ್ಲ. ಆಮೇಲೆ ಇಳಿದು ಬಂದು ಬೀಗದಕೈಯನ್ನು ಮೇಜಿನ ಮೇಲಿಟ್ಟ.

"ಹೊಟ್ಟೆ ನೋವಲ್ಲ ಸಾರ್. ಬಸ್ಸು ಓಡಿಸೋಕೆ ಹೆದ್ರಿಕೆ ಆಗ್ತಿದೆ. ನಿದ್ದೆ ಮಾತ್ರೆ ತಗೊಂಡು ಓಡಿಸ್ತಿದ್ದೆ."

ಬೆನ್ನು ತಟ್ಟಿ ಭೇಷ್ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಸೂಪರ್‌ವೈಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ಏನ್ರೀ ಹೇಳ್ತಿದ್ದೀರಾ? ಮಕ್ಕಳಿದ್ದಾರಲ್ರೀ ಅದರಲ್ಲಿ! ನನ್ನ ಮೊಮ್ಮಗಳು ಬರ್ತಾಳ್ರೀ ಆ ಬಸ್ಸಲ್ಲಿ!" ಅವರ ದನಿ ಒಡೆಯಿತು. ಉಳಿದ ಡ್ರೈವರುಗಳು ಬೂಟಿನ ತುದಿ ನೋಡುತ್ತಾ ನಿಂತರು. "ಡಾಕ್ಟರ ಹತ್ರ ಬರೆಸ್ಕೊಂಡು ಬರೋವರ್ಗೂ ಗೇಟ್ ಒಳಗೆ ಕಾಲಿಡಬೇಡಿ. ನೀವೇ ಬಂದು ಹೇಳಿದ್ರಿ ಅಂತ ಬಿಡ್ತಿದ್ದೀನಿ, ಇಲ್ದಿದ್ರೆ ಪೊಲೀಸು..." ಮಾತು ಮುಗಿಸದೆ ಅವರೇ ಬೀಗದಕೈ ಎತ್ತಿಕೊಂಡು ಬಸ್ಸು ಹತ್ತಿದರು.

ಅಂದೇ ಸರಕಾರಿ ಆಸ್ಪತ್ರೆಗೆ ಹೋದರು. ಮನಸ್ಸಿನ ವಿಭಾಗ ಹಿಂದಿನ ಕಟ್ಟಡದಲ್ಲಿತ್ತು. ಸಾಲಿನಲ್ಲಿ ಗುರುತಿನವರು ಯಾರಾದರೂ ಕಂಡಾರೆಂದು ಅವನು ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದ. ನಿಜಕ್ಕೂ ಒಬ್ಬ ಗುರುತಿನವ ಸಿಕ್ಕ, ಬೀದಿ ಕೊನೆಯ ಕಟಿಂಗ್ ಅಂಗಡಿಯವನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಬಸ್‌ಸ್ಟಾಪಿನಲ್ಲಿ ಸಿಕ್ಕವರ ಹಾಗೆ "ಏನ್ ಸಮಾಚಾರ?" ಎಂದುಕೊಂಡು ಗೋಡೆ ನೋಡಿದರು.

ಡಾಕ್ಟರಮ್ಮನಿಗೆ ಹೆಚ್ಚು ಹೊತ್ತಿರಲಿಲ್ಲ. ಆದರೂ ಎರಡು ಮಾತು ಸ್ಪಷ್ಟವಾಗಿ ಹೇಳಿದರು. ಒಂದು, ಆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ತಾವು ಹೇಳಿದ ಹಾಗೆ ಮೆಲ್ಲಮೆಲ್ಲಗೆ ಇಳಿಸಬೇಕು. ಇನ್ನೊಂದು, ಅದು ಇಳಿಯುವವರೆಗೆ ಗಾಡಿ ಮುಟ್ಟಬಾರದು. "ಇದು ವಾಸಿಯಾಗುತ್ತೆ. ಆದ್ರೆ ಮುಚ್ಚಿಟ್ರೆ ಬೆಳೆಯುತ್ತೆ. ವಾರಕ್ಕೊಮ್ಮೆ ಪಕ್ಕದ ಕೋಣೆಗೆ ಮಾತಾಡೋಕೆ ಬನ್ನಿ."

"ಮಾತಾಡಿದ್ರೆ ಹೋಗುತ್ತಾ ಮೇಡಂ?"

"ಮಾತಾಡದೆ ಹೋಗಲಿಲ್ಲವಲ್ಲ?"

ಮನೆಯಲ್ಲಿ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಉಪ್ಪು ಬೇಕಿದ್ದರೆ ಮೊಮ್ಮಗಳಿಗೆ ಹೇಳುವರು, ಸೊಸೆ ಎದುರಿಗೇ ಇದ್ದರೂ. ನೆರೆಹೊರೆಯವರಿಗೆ ಮಗನಿಗೆ ಹೊಟ್ಟೆ ಹುಣ್ಣೆಂದು ಸಾರಿದರು. ಅದರಿಂದಾಗಿ ಪಕ್ಕದ ಮನೆಯಾಕೆ ದಿನಾ ಒಂದು ಲೋಟ ಮಜ್ಜಿಗೆ ಕಳಿಸತೊಡಗಿದಳು. ಅವನು ಅದನ್ನು ಮುಖ ಕಿವುಚಿಕೊಂಡು ಕುಡಿಯಬೇಕಾಯಿತು.

ಮಾತ್ರೆಯ ಉಸ್ತುವಾರಿ ಮಗಳದಾಯಿತು. ತನ್ನ ಪುಸ್ತಕದ ಕಪಾಟಿನಲ್ಲಿಟ್ಟು ಬೀಗ ಹಾಕಿದಳು, ಅಜ್ಜಿಯದನ್ನೂ ಸೇರಿಸಿ. ಹೊತ್ತಿಗೆ ಸರಿಯಾಗಿ ಇಬ್ಬರಿಗೂ ಕೊಟ್ಟು, ನುಂಗುವವರೆಗೆ ಎದುರಿಗೆ ನಿಲ್ಲುತ್ತಿದ್ದಳು.

"ಜೈಲರ್ ಆಗ್ಬಿಟ್ಟಿದ್ದಾಳೆ" ಎಂದು ಅಜ್ಜಿ ಗೊಣಗಿದರು.

"ಬಾಯಿ ತೆರಿ ಅಜ್ಜಿ. ನಾಲಿಗೆ ಕೆಳಗೆ ಇಟ್ಕೊಂಡಿಲ್ಲ ತಾನೆ?"

ಮೊಬೈಲಿನ ಉಪದೇಶ ಓದುವುದನ್ನು ಅವಳು ಬಿಟ್ಟಿದ್ದಳು. ಬೆಳಿಗ್ಗೆ ಅಪ್ಪನನ್ನು ಎಬ್ಬಿಸಿಕೊಂಡು ನಡೆಯಲು ಹೋಗುತ್ತಿದ್ದಳು. ಒಂದು ದಿನ ದಾರಿಯಲ್ಲಿ ಅವನಿಗೆ ಎದೆ ಹಿಡಿದುಕೊಂಡಿತು. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಅವನನ್ನು ಕೂರಿಸಿ, ತಾನೂ ಕೂತು, ಅದು ಇಳಿಯುವವರೆಗೆ ಕೈ ಹಿಡಿದುಕೊಂಡಿದ್ದಳಂತೆ. "ನಂಗೇ ಕೈಕಾಲು ಬಿದ್ದುಹೋಗಿತ್ತಮ್ಮ. ಓದಿದ್ದು ಒಂದೂ ನೆನಪಾಗ್ಲಿಲ್ಲ" ಎಂದು ಬಂದು ತಾಯಿಗೆ ಹೇಳಿದಳು.

ಇಳಿಸುವ ದಿನಗಳು ಸುಲಭವಾಗಿರಲಿಲ್ಲ. ಅವನಿಗೆ ಬೆವರು, ಸಿಡುಕು. ಒಮ್ಮೆ ಬೀಗ ಒಡೆಯುತ್ತೇನೆಂದು ಸುತ್ತಿಗೆ ಹುಡುಕಿದ. ಅಂದು ಅಡ್ಡ ಬಂದದ್ದು ಅತ್ತೆ. ಮಗನ ರಟ್ಟೆ ಹಿಡಿದು ಕಿಟಕಿಯ ಹತ್ತಿರ ಕೂರಿಸಿಕೊಂಡರು. ಒಳಗೆ ಪಾತ್ರೆ ಉಜ್ಜುತ್ತಿದ್ದ ಸೊಸೆಗೆ ಮಾತು ಕೇಳಿಸುತ್ತಿತ್ತು.

"ನಿಮ್ಮಪ್ಪ ಹೋದ್ಮೇಲೆ ನಂಗೂ ಹಿಂಗೇ ಆಗ್ತಿತ್ತು ಕಣೋ. ಯಾರೋ ಕತ್ತು ಹಿಸುಕಿದ ಹಾಗೆ. ಯಾರೂ ಏನೂಂತ ಕೇಳ್ಲಿಲ್ಲ, ಮಾತ್ರೆ ಕೊಟ್ರು. ನುಂಗಿದೆ, ನಿದ್ದೆ ಬಂತು. ಇವತ್ತಿಗೂ ಅದಿಲ್ದೆ ನಂಗೆ ಹಾಸಿಗೆ ಕಂಡ್ರೆ ಭಯ. ನಿಂಗೂ ಕೊಟ್ಟೆ, ನಂಗೆ ಗೊತ್ತಿದ್ದ ಔಷಧಿ ಅದೊಂದೇ."

ಆಸ್ಪತ್ರೆಗೆ ಮುಂದಿನ ಸಲ ಹೋಗುವಾಗ ಅತ್ತೆ ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ನನ್ನನ್ನೂ ಆ ಡಾಕ್ಟರಮ್ಮನಿಗೆ ತೋರಿಸ್ಬಿಡು" ಎಂದರು, ನೇರವಾಗಿ ಸೊಸೆಗೇ.

ಅವನಿಗೆ ಶಾಲೆಯ ಶೆಡ್ಡಿನಲ್ಲಿ ಬಸ್ಸು ತೊಳೆಯುವ, ಟೈರಿಗೆ ಗಾಳಿ ತುಂಬುವ ಕೆಲಸ ಕೊಟ್ಟರು. ಸಂಬಳ ಇಳಿಯಿತು. ಅವಳು ಲಾಂಡ್ರಿಯಲ್ಲಿ ಎರಡನೆಯ ಪಾಳಿಯನ್ನೂ ಹಿಡಿದಳು. ಮನೆಗೆ ಬಂದು ಅಡುಗೆ, ಬಟ್ಟೆ, ಅತ್ತೆಯ ಕಾಲಿಗೆ ಎಣ್ಣೆ. ಊಟದ ಹೊತ್ತಿಗೆ ಹಸಿವೇ ಸತ್ತಿರುತ್ತಿತ್ತು. ಎಲ್ಲರೂ ಅವನು ಹೇಗಿದ್ದಾನೆಂದು ಕೇಳುವರು. "ಪರವಾಗಿಲ್ಲ" ಎಂದು ಉತ್ತರಿಸುವುದು ಅವಳ ಕೆಲಸ. ಒಂದು ಸಂಜೆ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಲು ಬಾರದೆ ಅದನ್ನು ಗೋಡೆಗೆ ಬೀಸಿ ಒಗೆದಳು. ಸಕ್ಕರೆ ಮನೆ ತುಂಬ ಚೆಲ್ಲಿತು. "ಏನಾಯ್ತಮ್ಮ?" ಎಂದು ಮಗಳು ಓಡಿಬಂದರೆ, "ಕೈ ಜಾರ್ತು" ಎಂದು ಪೊರಕೆ ತೆಗೆದುಕೊಂಡಳು.

ಅದರ ಮರುವಾರ ಶನಿವಾರ ಸಂಜೆ ಸೂಪರ್‌ವೈಸರ್ ಮನೆಗೇ ಬಂದರು. ಒಬ್ಬ ಡ್ರೈವರು ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗಿದ್ದ. ಚಹಾ ಕುಡಿಯುತ್ತ ವಿಷಯಕ್ಕೆ ಬಂದರು.

"ನೋಡೋಕೆ ಚೆನ್ನಾಗಿಯೇ ಇದ್ದೀರಿ. ಸೋಮವಾರದಿಂದ ಬಸ್ಸು ತಗೊಳ್ಳಿ. ಡಾಕ್ಟರ ಚೀಟಿ ಆಮೇಲೆ ತಂದ್ರೂ ನಡೆಯುತ್ತೆ. ಹಳೇ ಸಂಬಳ. ನಾನು ಮಾತಾಡಿದ್ದೀನಿ."

ಅಂದು ಬಸ್ಸಿನಲ್ಲಿ ಮೊಮ್ಮಗಳಿದ್ದಾಳೆಂದು ದನಿ ಒಡೆದು ಕೂಗಿದವರೇ ಇವರು. ಅವಳು ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. 'ಹೂಂ ಅನ್ನಿ' ಎಂದಿತು ಅವಳ ಮನಸ್ಸು. 'ಹೂಂ ಅನ್ನಿ, ನನ್ನ ಕಾಲು ನೋಯುತ್ತಿದೆ.' ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ಮೈಯೆಲ್ಲ ತಣ್ಣಗಾಯಿತು.

ಗಂಡ ಲೋಟವನ್ನು ಕೆಳಗಿಟ್ಟ. "ಇನ್ನೂ ಇಲ್ಲ ಸಾರ್."

"ಯಾವಾಗ ಹಾಗಾದ್ರೆ?"

"ಗೊತ್ತಿಲ್ಲ ಸಾರ್. ಕೈ ನಡುಗೋದು ನಿಂತಿದೆ. ಒಳಗೆ ಇನ್ನೂ ನಿಂತಿಲ್ಲ."

"ಬೇರೆಯವರನ್ನ ತಗೊಂಡ್ರೆ ಆಮೇಲೆ ಜಾಗ ಇರಲ್ಲ, ಈಗ್ಲೇ ಹೇಳಿದ್ದೀನಿ."

"ಸರಿ ಸಾರ್."

ಸೂಪರ್‌ವೈಸರ್ ಹೋದ ಮೇಲೆ ಅವಳು ತಟ್ಟೆಯನ್ನು ಕುಕ್ಕಿದಳು. ಕೂಗಬೇಕೆಂದು ಅವಳು ಎಣಿಸಿರಲಿಲ್ಲ. ಆದರೂ ಕೂಗಿದಳು.

"ನೀವು ಇಲ್ಲ ಅಂದ್ಬಿಟ್ರಿ! ಒಳ್ಳೇದಾಯ್ತು, ಅನ್ಲೇಬೇಕಿತ್ತು. ನಾನು ಯಾರ ಹತ್ರ ಇಲ್ಲ ಅನ್ಲಿ? ಲಾಂಡ್ರಿಗಾ? ಒಲೆಗಾ? ನಂಗೂ ಎದೆ ಹಿಡ್ಕೊಳ್ಳುತ್ತೆ, ಗೊತ್ತಾ ನಿಮಗೆ? ಬಸ್ಸಲ್ಲಿ ಬರೋವಾಗ ಇಳಿಯೋ ಜಾಗ ಬಂದ್ರೂ ಏಳೋಕೆ ಮನಸ್ಸಾಗಲ್ಲ. ಮನೆಗೆ ಬರೋಕೆ ಮನಸ್ಸಾಗಲ್ಲ ನಂಗೆ!"

ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಅವನು ಎದ್ದು ಬಂದ. ಮುಟ್ಟಲು ಹೋಗಲಿಲ್ಲ, ಎದುರಿಗೆ ನಿಂತ.

"ನನ್ನ ಹತ್ರ ಅನ್ನು" ಎಂದ.

"ಏನಂತ?"

"ಇಲ್ಲ ಅಂತ. ಯಾವುದು ಆಗಲ್ಲವೋ ಅದನ್ನ ಹೇಳು."

ಅವಳು ಯೋಚಿಸಿದಳು. ಆಗದ್ದು ಎಷ್ಟೊಂದಿತ್ತು, ಯಾವುದರಿಂದ ಶುರು ಮಾಡುವುದೆಂದು ತೋಚಲಿಲ್ಲ.

"ನಾಳೆ ಭಾನುವಾರ ಬೆಳಿಗ್ಗೆ ನಾನು ಏಳಲ್ಲ" ಎಂದಳು ಕೊನೆಗೆ. "ಎರಡನೇ ಪಾಳಿ ವಿಚಾರ ಸೋಮವಾರ ಕೂತು ಮಾತಾಡೋಣ. ಆದ್ರೆ ನಾಳೆ ಏಳಲ್ಲ. ಚಹಾ, ತಿಂಡಿ, ನೀರು, ಯಾರೇನು ಮಾಡ್ತೀರೋ ಮಾಡ್ಕೊಳ್ಳಿ. ನನ್ನನ್ನ ಕೇಳಬೇಡಿ."

"ಸಕ್ಕರೆ ಎಲ್ಲಿದೆ ಅಂತಾನೂ?" ಎಂದರು ಅತ್ತೆ.

"ಅದನ್ನೂ ಕೇಳಬೇಡಿ ಅತ್ತೆ."

ಬೆಳಗಾಯಿತು. ಅಭ್ಯಾಸಬಲದಿಂದ ಕಣ್ಣು ತೆರೆದೇಬಿಟ್ಟಿತ್ತು. ಅವಳು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಚಾವಣಿ ನೋಡುತ್ತ ಮಲಗಿದಳು. ಪಕ್ಕದ ಕೋಣೆಯಲ್ಲಿ ನಲ್ಲಿ ಬಿಟ್ಟ ಸದ್ದು, ಬಕೆಟ್ಟು ತುಂಬಿ ಹರಿದ ಸದ್ದು. "ನಿಲ್ಸೋ, ನಿಲ್ಸೋ!" "ಅಜ್ಜಿ, ಅದು ಉಪ್ಪು!" "ಹಾಗಾದ್ರೆ ಇದೇನು?" "ಮೆಲ್ಲಗೆ, ಮೆಲ್ಲಗೆ, ಎದ್ದುಬಿಡ್ತಾಳೆ." ಏನೋ ಬಿದ್ದು ಉರುಳಿತು. ಎದೆಯಲ್ಲಿ ಆ ಹಳೆಯ ಗಡಿಬಿಡಿ ಎದ್ದಿತು. ತಾನಿಲ್ಲದೆ ಏನೋ ಕೆಟ್ಟುಹೋಗುತ್ತದೆ, ಈಗಲೇ ಕೆಡುತ್ತಿದೆ. ಕಾಲು ತಾನಾಗಿ ಹಾಸಿಗೆಯಿಂದ ಕೆಳಗಿಳಿದು ನೆಲ ಮುಟ್ಟಿತು.

ಆಗಲೇ ಹಾಲು ಉಕ್ಕಿ ಒಲೆಗೆ ಸುರಿದು ಸೀದ ವಾಸನೆ ಬಂತು. ಮೂವರೂ ಒಟ್ಟಿಗೆ ಕೂಗಿಕೊಂಡರು.

ಅವಳು ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡಳು.